ಎಚ್ಚೆನ್ ಕಟ್ಟಿದ್ದು, ಸರ್ಕಾರ ಕಟ್ಟಬೇಕಾದ್ದು

ಎಚ್ಚೆನ್ ಎಂದೇ ಕರೆಸಿಕೊಂಡ ಡಾ. ಎಚ್. ನರಸಿಂಹಯ್ಯನವರು ಹುಟ್ಟುಹಾಕಿದ ಎರಡು ಸಂಸ್ಥೆಗಳ ಕಥೆ ಇದು. ಮೊದಲನೆಯದು 1962ರಲ್ಲಿ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಶುರುವಾದ ಬೆಂಗಳೂರು ವಿಜ್ಞಾನ ವೇದಿಕೆ. ಎಲ್ಲರ ಬಾಯಲ್ಲಿ ಅದು ಸೈನ್ಸ್ ಫೋರಂ. ಎರಡನೆಯದು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ನೇಮಿಸಿದ ಪವಾಡ ತನಿಖಾ ಸಮಿತಿ. ಸಮಿತಿ ದೇಶವಿದೇಶಗಳಲ್ಲಿ ಸುದ್ದಿ ಮಾಡಿತು, ಮರುವರ್ಷವೇ ಮುಚ್ಚಿಹೋಯಿತು. ವೇದಿಕೆ ಸದ್ದುಗದ್ದಲವಿಲ್ಲದೆ ವಾರವಾರವೂ ಉಪನ್ಯಾಸ ನಡೆಸುತ್ತ ಅವರ ಕಾಲಾನಂತರವೂ ಉಳಿದಿದೆ. ಯಾಕೆ ಹೀಗಾಯಿತು ಎನ್ನುವುದನ್ನು ಹಾಸನ ಸೀಮೆಯ ನಾವು ಕೂತು ಯೋಚಿಸುವುದು ಒಳ್ಳೆಯದು.

ಯಾಕೆಂದರೆ ವಿಜ್ಞಾನವೂ ನಂಬಿಕೆಯೂ ಸರ್ಕಾರವೂ ಒಂದೇ ಕಡೆ ಸೇರುವ ಜಾಗ ನಮ್ಮದು. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲಿದೆ. ದೇಶದ ಇನ್ಸಾಟ್ ಉಪಗ್ರಹಗಳು ಕಕ್ಷೆಯಲ್ಲಿ ಸರಿಯಾಗಿ ನಿಲ್ಲುವುದು ಇಲ್ಲಿಂದ ಹೋಗುವ ಆದೇಶಗಳಿಂದ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆಯಿದೆ, 2,922 ಅಡಿಗೆ ತುಂಬಿದರೆ 37 ಟಿಎಂಸಿಗೆ ತುಸು ಮೇಲೆ ನೀರು. ವಿಮಾನ ನಿಲ್ದಾಣಕ್ಕೆ ಜಮೀನು ಬಿಟ್ಟುಕೊಟ್ಟ ಬೂವನಹಳ್ಳಿ ಪಟ್ಟಣದ ಮಗ್ಗುಲಲ್ಲೇ ಇದೆ. ಪಟ್ಟಣದ ನಡುವೆ ಹಾಸನಾಂಬೆಯ ಗುಡಿ. ವರ್ಷಕ್ಕೊಮ್ಮೆ ದೀಪಾವಳಿಯ ಹೊತ್ತಿಗೆ ಕೆಲವೇ ದಿನ ಬಾಗಿಲು ತೆರೆಯುವ ಈ ಗುಡಿಯಲ್ಲಿ ಕಳೆದ ವರ್ಷ ಹಚ್ಚಿಟ್ಟ ದೀಪ ಇನ್ನೂ ಉರಿಯುತ್ತಿರುತ್ತದೆ, ಮುಡಿಸಿದ ಹೂವು ಬಾಡಿರುವುದಿಲ್ಲ ಎಂಬುದು ಭಕ್ತರ ನಂಬಿಕೆ. ಬಾಗಿಲು ತೆರೆಯುವ ಏರ್ಪಾಟೆಲ್ಲ ಜಿಲ್ಲಾಡಳಿತದ್ದು. ಭಕ್ತರು ನಂಬುವುದು ಅವರ ಹಕ್ಕು, ಅದನ್ನು ಸಂವಿಧಾನವೇ ಕಾಯುತ್ತದೆ. ನನ್ನ ಪ್ರಶ್ನೆ ಸರ್ಕಾರಕ್ಕೆ. ಸರ್ಕಾರದ ಮೊಹರು ಬಿದ್ದ ಕಾಗದದಲ್ಲಿ ಯಾವುದು ಬರಬಹುದು, ಯಾವುದು ಬರಬಾರದು? ಎಚ್ಚೆನ್ ಜೀವಮಾನವಿಡೀ ಕೇಳಿದ್ದೂ ಬಹುಮಟ್ಟಿಗೆ ಇದನ್ನೇ.

ಅವರು ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಬಡತನದ ಮನೆ. ಮುಂದೆ ಓದಲು ಬೆಂಗಳೂರಿಗೆ ಹೋಗಬೇಕಿತ್ತು, ಬಸ್ಸಿಗೆ ಕಾಸಿರಲಿಲ್ಲ. 1935ರಲ್ಲಿ ಊರಿಂದ ನಡೆದೇ ಬೆಂಗಳೂರು ತಲುಪಿ ನ್ಯಾಷನಲ್ ಹೈಸ್ಕೂಲು ಸೇರಿದರು. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದು ಹಿಂದಿಯಲ್ಲಿ ಮಾತಾಡಿದಾಗ ಅದನ್ನು ಕನ್ನಡಕ್ಕೆ ತಂದು ಹೇಳಿದ್ದು ಈ ಹುಡುಗನೇ. 1942ರಲ್ಲಿ ಸೆಂಟ್ರಲ್ ಕಾಲೇಜಿನ ಓದು ಬಿಟ್ಟು ಚಳವಳಿಗೆ ಧುಮುಕಿದರು, ಯರವಡಾ ಸೇರಿದಂತೆ ಹಲವು ಸೆರೆಮನೆ ಕಂಡರು. ಆಮೇಲೆ ಓದು ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಪಡೆದದ್ದು 1960ರಲ್ಲಿ. ಹಿಂದಿರುಗಿ ಕಾಲೇಜಿನ ಪ್ರಾಂಶುಪಾಲರಾದರು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲೇ ಬದುಕಿ 2005ರ ಜನವರಿಯಲ್ಲಿ ತೀರಿಕೊಂಡರು. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ. ಕುಲಪತಿಯಾದಾಗಲೂ ಅದೇ, ಪದ್ಮಭೂಷಣ ಬಂದಾಗಲೂ ಅದೇ.

ಈ ಹಿನ್ನೆಲೆಯನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ವೈಚಾರಿಕತೆ ಎನ್ನುವುದು ಹೊರಗಿನಿಂದ ತಂದು ಹೇರಿದ ಸರಕು, ಜನರ ಬದುಕು ಗೊತ್ತಿಲ್ಲದವರ ಚಪಲ ಎಂದು ಹೇಳುವವರಿದ್ದಾರೆ. ಎಚ್ಚೆನ್ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ. ಹಳ್ಳಿಯ ಹಸಿವು ಉಂಡು ಬೆಳೆದವರು, ಗಾಂಧಿಯನ್ನು ಕೊನೆಯವರೆಗೂ ಬಿಡದವರು, ಬೆಂಗಳೂರಿನಲ್ಲಿ ಕಾಲೇಜು ನಡೆಸಿದ್ದಲ್ಲದೆ ಬಾಗೇಪಲ್ಲಿ, ಗೌರಿಬಿದನೂರಿನಂಥ ಬರದ ಸೀಮೆಗೂ ಕಾಲೇಜು ಒಯ್ದವರು. ಬಡವನ ದುಡ್ಡು ಹೇಗೆಲ್ಲ ಕೈತಪ್ಪಿ ಹೋಗುತ್ತದೆ ಎಂಬುದು ಅವರಿಗೆ ಬಾಲ್ಯದಿಂದಲೇ ಗೊತ್ತಿತ್ತು.

ಸೈನ್ಸ್ ಫೋರಂ ನಡೆದ ರೀತಿ ಬಹಳ ಸರಳ. ವಾರಕ್ಕೊಂದು ಸಂಜೆ, ಒಬ್ಬ ವಿಜ್ಞಾನಿ, ಒಂದು ವಿಷಯ. ಕಾಲೇಜಿನ ಹುಡುಗರು, ಬಸವನಗುಡಿಯ ನಿವೃತ್ತರು, ಕಚೇರಿ ಮುಗಿಸಿ ಬಂದವರು, ಯಾರು ಬೇಕಾದರೂ ಬಂದು ಕೂರಬಹುದು. ಟಿಕೆಟ್ಟಿಲ್ಲ, ಸದಸ್ಯತ್ವ ಬೇಕಿಲ್ಲ. ಮಾತು ಮುಗಿದ ಮೇಲೆ ಪ್ರಶ್ನೆ. ಜುಲೈ ಬಂತೆಂದರೆ ತಿಂಗಳಿಡೀ ವಿಜ್ಞಾನದ ಹಬ್ಬ. ಬೆಂಗಳೂರಿನಲ್ಲಿ ಸಂಶೋಧನಾ ಸಂಸ್ಥೆಗಳಿಗೆ ಬರವಿರಲಿಲ್ಲ. ಟಾಟಾ ಇನ್‌ಸ್ಟಿಟ್ಯೂಟು, ರಾಮನ್ ಸಂಶೋಧನಾ ಸಂಸ್ಥೆ ಎರಡೂ ಊರಲ್ಲೇ ಇದ್ದವು. ಆದರೆ ಅವುಗಳ ಗೇಟಿನ ಒಳಗೆ ನಡೆಯುವುದನ್ನು ಬೀದಿಯ ಮನುಷ್ಯನ ಮುಂದೆ ವಾರವಾರ ತಂದು ಇಡುವ ಜಾಗ ಇರಲಿಲ್ಲ. ಎಚ್ಚೆನ್ ಆ ಜಾಗ ಮಾಡಿದರು. ಅದಕ್ಕೆ ಸರ್ಕಾರದ ಆದೇಶ ಬೇಕಾಗಲಿಲ್ಲ, ಅನುದಾನಕ್ಕೆ ಕಾಯಬೇಕಾಗಲಿಲ್ಲ. ಒಂದು ಸಭಾಂಗಣ, ಕರೆದರೆ ಬರುವ ವಿಜ್ಞಾನಿಗಳು, ತಪ್ಪದೆ ಬರುವ ಕೇಳುಗರು, ಇವಿಷ್ಟೇ ಸಾಕಾಯಿತು. ಅಷ್ಟು ಕಡಿಮೆ ಬಂಡವಾಳದಲ್ಲಿ ಅಷ್ಟು ದೀರ್ಘಕಾಲ ನಡೆದ ವಿಜ್ಞಾನ ಸಂಸ್ಥೆ ಕರ್ನಾಟಕದಲ್ಲಿ ನನಗೆ ಬೇರೆ ಕಾಣದು.

1972ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ತುರ್ತು ಪರಿಸ್ಥಿತಿಯ ನಡುವೆ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಿ ನೋಡಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ವಿಶ್ವವಿದ್ಯಾಲಯದ ಹೆಸರಿನಲ್ಲಿ ಒಂದು ಸಮಿತಿ ನೇಮಿಸಿದರು. ಸಮಿತಿಯ ಹೆಸರಿನಲ್ಲೇ ಇದ್ದ ಆ ಷರತ್ತನ್ನು ಗಮನಿಸಬೇಕು. ದೇವರಿದ್ದಾನೆಯೇ ಎಂದು ಕೇಳುವುದು ಸಮಿತಿಯ ಕೆಲಸವಾಗಿರಲಿಲ್ಲ. ಗಾಳಿಯಿಂದ ವಿಭೂತಿ ಬರುತ್ತದೆ, ಉಂಗುರ ಬರುತ್ತದೆ, ಗಡಿಯಾರ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅದು ನಿಜವೇ ಎಂದು ಕಣ್ಣೆದುರು ನೋಡುವುದಷ್ಟೇ ಅದರ ವ್ಯಾಪ್ತಿ.

ಆಗ ಬೆಂಗಳೂರಿನ ಹೊರವಲಯದ ಕಾಡುಗೋಡಿಯಲ್ಲಿ ಸತ್ಯಸಾಯಿ ಬಾಬಾ ಅವರ ಬೃಂದಾವನ ಆಶ್ರಮವಿತ್ತು. ನ್ಯಾಯಾಧೀಶರು, ಮಂತ್ರಿಗಳು, ವಿಜ್ಞಾನಿಗಳು ಅವರ ಭಕ್ತರು. ಎಚ್ಚೆನ್ ಕೂತ ಅದೇ ಕುಲಪತಿ ಕುರ್ಚಿಯಲ್ಲಿ ಕೆಲವು ವರ್ಷ ಹಿಂದೆ ಕೂತಿದ್ದ ವಿ.ಕೃ. ಗೋಕಾಕರೂ ಬಾಬಾ ಅವರ ಅನುಯಾಯಿ. ಅಂಥ ಹೊತ್ತಿನಲ್ಲಿ ಎಚ್ಚೆನ್ ಬಾಬಾ ಅವರಿಗೆ ಮೂರು ಕಾಗದ ಬರೆದು, ಸಮಿತಿಯ ಎದುರು ನಿಗದಿತ ಷರತ್ತುಗಳಡಿ ಪವಾಡ ತೋರಿಸಬೇಕೆಂದು ಕೇಳಿಕೊಂಡರು. ಸಣ್ಣ ವಸ್ತುವಾದರೆ ತೋಳಿನಲ್ಲಿ ಅಡಗಿಸಿಡಬಹುದು, ಆದ್ದರಿಂದ ಒಂದು ಕುಂಬಳಕಾಯಿ ಸೃಷ್ಟಿಸಿ ಎಂದದ್ದು ಮನೆಮಾತಾಯಿತು. ಕಾಗದಗಳಿಗೆ ಉತ್ತರ ಬರಲಿಲ್ಲ. ವಿರೋಧ ಮಾತ್ರ ಎಲ್ಲ ಕಡೆಯಿಂದಲೂ ಬಂತು. ವಿಶ್ವವಿದ್ಯಾಲಯಕ್ಕೆ ಇದೆಲ್ಲ ಯಾಕೆ ಬೇಕು ಎಂದು ಕೇಳಿದವರಲ್ಲಿ ವಿದ್ಯಾವಂತರೇ ಹೆಚ್ಚು. ಸಾರ್ವಜನಿಕ ದುಡ್ಡಿನಲ್ಲಿ ನಡೆಯುವ ವಿಶ್ವವಿದ್ಯಾಲಯಕ್ಕೆ ಇದಕ್ಕಿಂತ ಹತ್ತಿರದ ಕೆಲಸ ಯಾವುದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಮಿತಿ ಕೈಗೆತ್ತಿಕೊಂಡ ಇನ್ನೊಂದು ಪ್ರಕರಣ ನಮಗೆ ಇನ್ನೂ ಹತ್ತಿರದ್ದು. ಮಂಡ್ಯ ಜಿಲ್ಲೆಯ ಪಾಂಡವಪುರದಲ್ಲಿ ಒಬ್ಬ ಪುಟ್ಟ ಹುಡುಗ. ಅವನ ಕೈಯಿಂದ ವಿಭೂತಿ ಉದುರುತ್ತದೆ ಎಂದು ಸುದ್ದಿ ಹಬ್ಬಿ ಜನ ಸಾಲುಗಟ್ಟಿ ಬರುತ್ತಿದ್ದರು. ಸಮಿತಿಯವರು ಮನೆಗೇ ಹೋಗಿ ಹತ್ತಿರ ಕೂತು ನೋಡಿದರು. ವಿಭೂತಿ ಇದ್ದದ್ದು ಹುಡುಗನ ಅಂಗಿಯೊಳಗೆ. ಅಂಗಿ ತೆಗೆದ ಮೇಲೆ ಪವಾಡವೂ ನಿಂತಿತು. ಈ ಪ್ರಕರಣ ನೆನೆದಾಗೆಲ್ಲ ನನಗೆ ಆ ಹುಡುಗನದೇ ಯೋಚನೆ. ಆಡುವ ವಯಸ್ಸಿನ ಮಗುವಿನ ಅಂಗಿಯೊಳಗೆ ಬೂದಿ ಇಟ್ಟು ಜನರ ಮುಂದೆ ಕೂರಿಸಿದವರು ದೊಡ್ಡವರು. ಅವನಿಗೆ ಆ ಹೊರೆ ಇಳಿದದ್ದು ಸಮಿತಿಯಿಂದ. ತನಿಖೆ ಎಂದರೆ ನಂಬಿದವರಿಗೆ ಮಾಡುವ ಅವಮಾನ ಎನ್ನುವವರು ಈ ಮಗುವನ್ನು ಮರೆಯಬಾರದು.

ಅದೇ 1976ರಲ್ಲಿ, ಅಮೆರಿಕದ ಬಫಲೋ ನಗರದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಪಾಲ್ ಕರ್ಟ್ಸ್ ಇಂಥದ್ದೇ ಕೆಲಸಕ್ಕೆ ಒಂದು ಸಮಿತಿ ಕಟ್ಟಿದರು. ಕಾರ್ಲ್ ಸಾಗನ್, ಐಸಾಕ್ ಅಸಿಮೋವ್, ಜಾದೂಗಾರ ಜೇಮ್ಸ್ ರ‍್ಯಾಂಡಿ ಅದರಲ್ಲಿದ್ದರು. ಎಚ್ಚೆನ್ ಮುಂದೆ ಆ ಸಮಿತಿಯ ಫೆಲೋ ಆದರು. ಕರ್ಟ್ಸ್ ಕಟ್ಟಿದ್ದು ಯಾವ ವಿಶ್ವವಿದ್ಯಾಲಯದ ಅಂಗವೂ ಅಲ್ಲ, ಸ್ವತಂತ್ರ ಸಂಸ್ಥೆ. ಅದು ಪತ್ರಿಕೆ ತಂದಿತು, ಶಾಖೆ ತೆರೆಯಿತು. ಅದೇ ಬಳಗದಿಂದ 1991ರಲ್ಲಿ ಹುಟ್ಟಿದ ಸೆಂಟರ್ ಫಾರ್ ಇನ್‌ಕ್ವೈರಿ ಸರ್ಕಾರದ ನೀತಿ ವಿಜ್ಞಾನದ ಮೇಲೆ ನಿಲ್ಲಬೇಕು, ಚರ್ಚು ಮತ್ತು ಪ್ರಭುತ್ವ ಬೇರೆಬೇರೆ ಇರಬೇಕು ಎಂದು ವಾದಿಸುತ್ತ ಬಂದಿದೆ. ಬೆಂಗಳೂರಿನ ಸಮಿತಿಗೆ ಅಂಥ ಬೇರು ಬಿಡಲು ಅವಕಾಶ ಸಿಗಲಿಲ್ಲ. 1977ರಲ್ಲಿ ಎಚ್ಚೆನ್ ಅವರ ಕುಲಪತಿ ಅವಧಿ ಮುಗಿಯಿತು, ಅದರ ಜೊತೆಗೇ ಸಮಿತಿಯೂ ಮುಗಿಯಿತು. ಅದೇ ವರ್ಷದ ಜನವರಿ 3ರಂದು 42ನೇ ತಿದ್ದುಪಡಿಯ ಮೂಲಕ ಸಂವಿಧಾನದ 51ಎ ವಿಧಿ ಜಾರಿಗೆ ಬಂದಿತ್ತು. ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸುವ ಗುಣವನ್ನೂ ಬೆಳೆಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂದು ಅದು ಹೇಳಿತು. ಕರ್ತವ್ಯ ಕಾಗದಕ್ಕೆ ಬಂದ ವರ್ಷವೇ ಅದನ್ನು ಮಾಡುತ್ತಿದ್ದ ಸಮಿತಿ ಇಲ್ಲವಾಯಿತು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸಮಿತಿ ನಿಂತದ್ದು ಒಬ್ಬ ಕುಲಪತಿಯ ಧೈರ್ಯದ ಮೇಲೆ. ಕುರ್ಚಿಗೆ ಇನ್ನೊಬ್ಬರು ಬಂದರೆ ಒಂದೇ ಟಿಪ್ಪಣಿಯಲ್ಲಿ ಮುಗಿಸಬಹುದಾದಂಥದ್ದು ಅದು. ವೇದಿಕೆ ನಿಂತದ್ದು ಕೇಳುಗರ ಮೇಲೆ. ಅದನ್ನು ಮುಚ್ಚುವ ಅಧಿಕಾರ ಯಾರ ಕೈಯಲ್ಲೂ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಕೆಲಸ ನಡೆದದ್ದು ವೇದಿಕೆಯ ದಾರಿಯಲ್ಲೇ. 1978ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆ ಬಂತು, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. 1987ರಲ್ಲಿ ಭಾರತ ಜನ ವಿಜ್ಞಾನ ಜಾಥಾ ದೇಶ ಸುತ್ತಿ, ಅನಿಲ ದುರಂತ ಕಂಡ ಭೋಪಾಲದಲ್ಲಿ ಮುಗಿಯಿತು. ಈ ಚಳವಳಿಯಲ್ಲಿ ಪಳಗಿದ ಮೇಷ್ಟ್ರುಗಳು ಊರೂರಿಗೆ ಒಯ್ದದ್ದು ಒಂದು ಚೀಲ ಸಾಮಾನು. ದಾಸವಾಳದ ಹೂವು ಉಜ್ಜಿದ ಚಾಕುವಿನಿಂದ ನಿಂಬೆಹಣ್ಣು ಕೊಯ್ದರೆ ಹುಳಿ ತಾಗಿ ಕೆಂಪು ರಸ ಇಳಿಯುತ್ತದೆ, ಮಾಟದ ರಕ್ತ ಎಂದು ತೋರಿಸುವುದು ಇದನ್ನೇ. ಪೊಟ್ಯಾಸಿಯಂ ಪರ್ಮಾಂಗನೇಟ್ ಪುಡಿಯ ಮೇಲೆ ಗ್ಲಿಸರಿನ್ ತುಪ್ಪದಂತೆ ಸುರಿದರೆ ಕೆಲವು ಕ್ಷಣಕ್ಕೆ ಬೆಂಕಿಕಡ್ಡಿಯಿಲ್ಲದೆ ಹೋಮ ಹೊತ್ತಿಕೊಳ್ಳುತ್ತದೆ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕೆಂಪಾಗಿಸಿದಾಗಂತೂ ಹೆಂಗಸರಿಗೆ ವಿವರಣೆಯೇ ಬೇಕಿಲ್ಲ. ಮನೆಗೆ ಮದುಮಕ್ಕಳು ಬಂದರೆ ಆರತಿ ತಟ್ಟೆಗೆ ಅವರೇ ಕಲಸುವ ಓಕುಳಿ ಅದು. ನಮ್ಮ ಅಜ್ಜಿಯರ ಕೈಯಲ್ಲಿದ್ದ ರಸಾಯನಶಾಸ್ತ್ರವನ್ನು ಕದ್ದು, ಅದನ್ನೇ ಅವರ ಮುಂದೆ ಪವಾಡ ಎಂದು ಮಾರಿದ್ದಾರೆ ಎಂಬುದು ಅಲ್ಲೇ ತಿಳಿಯುತ್ತದೆ. ಹತ್ತು ಭಾಷಣ ಮಾಡದ ಕೆಲಸವನ್ನು ಆ ಒಂದು ಲೋಟ ನೀರು ಮಾಡುತ್ತದೆ.

ಇಷ್ಟಾದರೂ 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ದಿನ ಕಲಬುರಗಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು, ವಾಸಿಯಾಗುತ್ತದೆಂದು ನಂಬಿ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಆ ತಂದೆತಾಯಿಯರನ್ನು ಹೀಯಾಳಿಸಿ ಪ್ರಯೋಜನವಿಲ್ಲ. ಮಗುವಿಗೆ ಬೇಕಾದ ವೈದ್ಯ ಕೈಗೆಟುಕುವ ದೂರದಲ್ಲಿ ಸಿಕ್ಕಿದ್ದರೆ ಅವರು ಗುಂಡಿ ತೋಡುತ್ತಿರಲಿಲ್ಲ. ವಿಜ್ಞಾನವನ್ನು ಆಧರಿಸಿದ ನೀತಿ ಎಂದರೆ ಮೊದಲು ಇದು: ಜನರ ಕಷ್ಟಕ್ಕೆ ಪರೀಕ್ಷಿಸಿ ನೋಡಿದ ಪರಿಹಾರವನ್ನು ಮನೆ ಬಾಗಿಲಿಗೆ ಮುಟ್ಟಿಸುವುದು.

ಇನ್ನು ಧರ್ಮ ಮತ್ತು ಪ್ರಭುತ್ವದ ಸಂಬಂಧ. ಈ ವಿಷಯದಲ್ಲಿ ದೇಶದ ಕಾನೂನು ರೂಪುಗೊಂಡದ್ದರಲ್ಲಿ ಕನ್ನಡ ನಾಡಿನ ಪಾಲು ಎಷ್ಟು ದೊಡ್ಡದು ಎಂದು ನಾವು ಹೇಳಿಕೊಳ್ಳುವುದೇ ಕಡಿಮೆ. ಧಾರ್ಮಿಕ ಸಂಸ್ಥೆಯ ಆಡಳಿತದಲ್ಲಿ ಸರ್ಕಾರ ಎಲ್ಲಿಯವರೆಗೆ ಕೈಹಾಕಬಹುದು, ಧರ್ಮದ ಅತ್ಯಗತ್ಯ ಆಚರಣೆ ಯಾವುದು ಎಂದು ಸುಪ್ರೀಂ ಕೋರ್ಟು 1954ರಲ್ಲಿ ವಿಚಾರ ಮಾಡಿದ್ದು ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸಲಾಗದು ಎಂಬ 1973ರ ತೀರ್ಪು ಬಂದದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಮೊಕದ್ದಮೆಯಲ್ಲಿ. ಅವರು ಕೋರ್ಟಿಗೆ ಹೋದದ್ದು ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ. ಸೆಕ್ಯುಲರ್ ತತ್ತ್ವ ಆ ಮೂಲ ಸ್ವರೂಪದ ಭಾಗ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಹೇಳಿದ್ದು ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ. 1989ರಲ್ಲಿ ವಜಾ ಆದ ನಮ್ಮದೇ ಮುಖ್ಯಮಂತ್ರಿಯ ಹೆಸರು ಹೀಗೆ ದೇಶದ ಪ್ರತಿಯೊಂದು ಕಾನೂನು ಪುಸ್ತಕ ಸೇರಿತು.

ಅಮೆರಿಕದಲ್ಲಿ ಹೇಳುವಂತೆ ಇಲ್ಲಿ ಧರ್ಮಕ್ಕೂ ಸರ್ಕಾರಕ್ಕೂ ನಡುವೆ ಗೋಡೆಯಿಲ್ಲ. ಮುಜರಾಯಿ ಇಲಾಖೆ ಇದೆ, ದೇವಸ್ಥಾನದ ಲೆಕ್ಕ ತಹಶೀಲ್ದಾರರ ಮೇಜಿಗೆ ಬರುತ್ತದೆ. ಹುಂಡಿ ಹಣ ಕಾಯುವುದು, ಅಸ್ಪೃಶ್ಯತೆ ತಡೆಯುವುದು ಸರ್ಕಾರದ ಕೆಲಸವೇ, ಅದನ್ನು ಬಿಡು ಎಂದು ನಾನು ಹೇಳಲಾರೆ. ಆದರೆ ಒಂದು ಧರ್ಮದ ಪ್ರಚಾರಕ್ಕೆಂದು ತೆರಿಗೆ ಎತ್ತುವಂತಿಲ್ಲ ಎನ್ನುತ್ತದೆ 27ನೇ ವಿಧಿ. ಲೆಕ್ಕಪತ್ರ ನೋಡುವುದು ಬೇರೆ, ಪೂಜೆಗೆ ಆದೇಶ ಹೊರಡಿಸುವುದು ಬೇರೆ.

2012ರ ಬರಗಾಲ ನೆನೆಯಿರಿ. ಆ ಜುಲೈನಲ್ಲಿ ಸರ್ಕಾರ ಮುಜರಾಯಿಗೆ ಸೇರಿದ ಸುಮಾರು 34,000 ದೇವಸ್ಥಾನಗಳಲ್ಲಿ ಮಳೆಗಾಗಿ ಪೂಜೆ ಮಾಡಿಸಲು ಹೊರಟಿತು. ಗುಡಿಯೊಂದಕ್ಕೆ 5,000 ರೂಪಾಯಿ, ಒಟ್ಟು 17 ಕೋಟಿ. ಮಳೆಗಾಗಿ ಹಳ್ಳಿಯವರು ತಾವೇ ಸೇರಿ ಪೂಜೆ ಮಾಡಿದರೆ ಯಾರೂ ಆಕ್ಷೇಪಿಸಲಾರರು. ಆದರೆ ಬರಗಾಲಕ್ಕೆ ಸರ್ಕಾರದ ಉತ್ತರವಾಗಿ ಪೂಜೆಯ ಸುತ್ತೋಲೆ ಹೊರಟಾಗ ಆಡಳಿತ ತನ್ನ ಹೊಣೆಯನ್ನು ದೇವರ ಮೇಲೆ ಹಾಕಿದಂತೆ. ಪಕ್ಷ ಬದಲಾದರೂ ಚಾಳಿ ಬದಲಾಗಲಿಲ್ಲ. 2017ರಲ್ಲಿ ಭಾಗಮಂಡಲ, ತಲಕಾವೇರಿಯಲ್ಲಿ ಪರ್ಜನ್ಯ ಹೋಮ ನಡೆಯಿತು. 2019ರಲ್ಲಿ ಮತ್ತೊಂದು ಸರ್ಕಾರ ಮತ್ತೆ ದೇವಸ್ಥಾನಗಳಲ್ಲಿ ಪರ್ಜನ್ಯ ಜಪಕ್ಕೆ ಸೂಚಿಸಿತು. 2017ರಲ್ಲೇ ‘ವರ್ಷಧಾರಿ’ ಎಂಬ ಮೋಡ ಬಿತ್ತನೆಯೂ ಆಯಿತು. ಅದಕ್ಕೆ ವಿಮಾನವೂ ರಾಸಾಯನಿಕವೂ ಇತ್ತೆಂದ ಮಾತ್ರಕ್ಕೆ ವಿಜ್ಞಾನವಾಗಿಬಿಡುವುದಿಲ್ಲ. ಬಿತ್ತದಿದ್ದರೆ ಎಷ್ಟು ಮಳೆ ಬರುತ್ತಿತ್ತು ಎಂದು ಲೆಕ್ಕ ಕೇಳುವವರೆಗೆ ಅದೂ ನಂಬಿಕೆಯೇ. ಚಾಮರಾಜನಗರಕ್ಕೆ ಹೋದರೆ ಅಧಿಕಾರ ಹೋಗುತ್ತದೆಂದು ಮುಖ್ಯಮಂತ್ರಿಗಳು ಬಹುಕಾಲ ಆ ಊರನ್ನೇ ತಪ್ಪಿಸಿದ್ದೂ, ವಾಸ್ತು ನೆಪದಲ್ಲಿ ಮುಚ್ಚಿದ್ದ ವಿಧಾನಸೌಧದ ಮುಖ್ಯಮಂತ್ರಿ ಕೊಠಡಿಯ ದಕ್ಷಿಣದ ಬಾಗಿಲು ತೆರೆಯಲು 2023ರ ಜೂನ್‌ವರೆಗೆ ಕಾಯಬೇಕಾಗಿ ಬಂದದ್ದೂ ಇದೇ ಸಾಲಿಗೆ ಸೇರಿದವು.

ಮೂಢನಂಬಿಕೆಯ ವಿರುದ್ಧ ಕಾನೂನು ಬರಲು ತಗುಲಿದ ಬೆಲೆ ದೊಡ್ಡದು. 2013ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ತಜ್ಞರು ಮೂಢನಂಬಿಕೆ ವಿರೋಧಿ ಮಸೂದೆಯ ಕರಡು ಕೊಟ್ಟರು. ಅದರ ಸುತ್ತ ಗದ್ದಲವೆದ್ದು ಕರಡು ಮೂಲೆ ಸೇರಿತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಕೊಂದರು. ಅದೇ ನವೆಂಬರ್‌ನಲ್ಲಿ ವಿಧಾನಮಂಡಲ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಮಸೂದೆಯನ್ನು ಒಪ್ಪಿತು. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಮಡೆಸ್ನಾನ, ಬಾನಾಮತಿ, ಸಿಡಿಯಂಥ ಆಚರಣೆಗಳು ಈಗ ಅಪರಾಧ. ಒಂದರಿಂದ ಏಳು ವರ್ಷ ಸೆರೆವಾಸ. ಜ್ಯೋತಿಷ, ವಾಸ್ತು ಹೊರಗುಳಿದವು. ಪೂಜೆ, ಹರಿಕಥೆ, ಭಜನೆ, ಪ್ರದಕ್ಷಿಣೆಗೆ ಯಾವ ಅಡ್ಡಿಯೂ ಇಲ್ಲವೆಂದು ಕಾನೂನೇ ಬಿಡಿಸಿ ಹೇಳಿದೆ. ಮೊದಲ ಕರಡಿಗಿಂತ ಇದು ತೆಳುವಾದರೂ ನಾನು ಇದನ್ನು ಸ್ವಾಗತಿಸುತ್ತೇನೆ. ಎಚ್ಚೆನ್ ಸಮಿತಿಗೆ ಇಲ್ಲದಿದ್ದ ಒಂದು ಬಲ ಇದಕ್ಕಿದೆ: ಅಧಿಕಾರಿ ವರ್ಗವಾದರೂ, ಸರ್ಕಾರ ಬಿದ್ದರೂ ಕಾನೂನು ಇರುತ್ತದೆ.

ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಏನಾಗಬೇಕು? ಬರದ ಮೇಲೆ ಕಣ್ಣಿಡಲೆಂದೇ ಕರ್ನಾಟಕ 1988ರಲ್ಲಿ ಬರ ಉಸ್ತುವಾರಿ ಕೋಶ ತೆರೆಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ಇಂದು ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ಇಟ್ಟು, ಅಳತೆಯನ್ನು ತಾನಾಗಿಯೇ ಬೆಂಗಳೂರಿಗೆ ತರಿಸಿಕೊಳ್ಳುತ್ತದೆ. ರೈತ ‘ವರುಣ ಮಿತ್ರ’ಕ್ಕೆ ಫೋನು ಮಾಡಿ ತನ್ನ ಹೋಬಳಿಯ ಮುನ್ಸೂಚನೆ ಕೇಳಬಹುದು. ಪೂಜೆಯ ಸುತ್ತೋಲೆ ಹೊರಡಿಸುವ ಸರ್ಕಾರವೇ ಕಟ್ಟಿದ ಕೇಂದ್ರ ಇದು, ನಿಜಕ್ಕೂ ಹೆಮ್ಮೆಪಡುವಂಥದ್ದು. ಹಾಸನದ ಆಲೂಗಡ್ಡೆ ಬೆಳೆಗಾರನಿಗೆ ಇದರ ಬೆಲೆ ಗೊತ್ತು. ಜಲಂಧರ್‌ನಿಂದ ಬಂದ ಬಿತ್ತನೆ ಗೆಡ್ಡೆಗೆ ಸಾಲ ಮಾಡಿ, ಮುಂಗಾರಿಗೆ ನೆಲಕ್ಕಿಟ್ಟು, ಮೋಡ ಕವಿದು ತಂಪು ಹಿಡಿದು ಜಿನುಗು ಮಳೆ ಬಿಡದೆ ಸುರಿದರೆ ಅಂಗಮಾರಿ ರೋಗ ವಾರದೊಳಗೆ ಹೊಲವನ್ನೇ ಕರಿದು ಮಾಡುತ್ತದೆ. ಆ ವಾರಕ್ಕೆ ಎರಡು ದಿನ ಮುಂಚೆ ಔಷಧಿ ಬಿದ್ದರೆ ಬೆಳೆ ಉಳಿದೀತು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆ ಕಾಲೇಜುಗಳಿವೆ, ಸಭಾಂಗಣಗಳಿವೆ, ವಿಜ್ಞಾನ ಕಲಿಸುವ ಮೇಷ್ಟ್ರುಗಳಿದ್ದಾರೆ. ಬಸವನಗುಡಿಯಲ್ಲಿ 1962ರಲ್ಲಿ ಇದ್ದದ್ದಕ್ಕಿಂತ ಕಡಿಮೆಯೇನೂ ಅಲ್ಲ. ವಾರಕ್ಕೊಂದು ಸಂಜೆ ಬಾಗಿಲು ತೆಗೆದು, ಬೀದಿಯವರಿಗೂ ಬರಲು ಹೇಳಿದರೆ ಸಾಕು. ಮೊದಲ ಸಂಜೆಗೆ ಉಪಗ್ರಹ ನಿಯಂತ್ರಣ ಕೇಂದ್ರದವರನ್ನು ಕರೆಯೋಣ, ಇನ್ಸಾಟ್ ತೆಗೆದ ಮೋಡದ ಚಿತ್ರ ಬೂವನಹಳ್ಳಿಯ ರೈತನ ಫೋನಿಗೆ ಹೇಗೆ ಬರುತ್ತದೆಂದು ಹೇಳಲಿ. ಎರಡನೆಯ ಸಂಜೆಗೆ ತೋಟಗಾರಿಕೆ ಇಲಾಖೆಯವರು ಬಂದು ಅಂಗಮಾರಿಯ ವಿಷಯ ಮಾತಾಡಲಿ. ಮೂರನೆಯದಕ್ಕೆ ಕಾನೂನು ಬಲ್ಲವರು 27ನೇ ವಿಧಿಯನ್ನೂ 2017ರ ಅಧಿನಿಯಮವನ್ನೂ ವಿವರಿಸಲಿ. ಕೇಳುಗರಿಗೆ ಪ್ರಶ್ನೆ ಕೇಳಲು ಅರ್ಧ ಗಂಟೆಯನ್ನಾದರೂ ತಪ್ಪದೆ ಬಿಡಬೇಕು.